ದ್ಮಾನಿಸಿಯ ಬೊಚ್ಚುಬಾಯಿಯ ಹಿರಿಜೀವ



ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಜಾರ್ಜಿಯಾ ಎಂಬ ಪುಟ್ಟ ದೇಶವಿದೆ. ಅದರ ಉತ್ತರಕ್ಕೆ ಕಾಕಸಸ್ ಪರ್ವತದ ಹಿಮಶಿಖರಗಳು. ದಕ್ಷಿಣಕ್ಕೆ ಅರ್ಮೇನಿಯಾದ ಕಡೆಗೆ ಏರುತ್ತ ಹೋಗುವ ಹಳೆಯ ಜ್ವಾಲಾಮುಖಿ ಬೆಟ್ಟಗಳು. ರಾಜಧಾನಿ ತ್ಬಿಲಿಸಿಯಿಂದ ನೈಋತ್ಯಕ್ಕೆ ಸುಮಾರು 90 ಕಿಲೋಮೀಟರ್ ಹೋದರೆ ಈ ದಕ್ಷಿಣದ ಬೆಟ್ಟಸೀಮೆಯಲ್ಲಿ ದ್ಮಾನಿಸಿ ಸಿಗುತ್ತದೆ. ಕೆಲವೇ ಸಾವಿರ ಜನರಿರುವ ಊರು. ಸುತ್ತ ಹುಲ್ಲುಗಾವಲು, ಆಲೂಗಡ್ಡೆ ಹೊಲ, ಕುರಿ, ದನ. ಜಾರ್ಜಿಯನ್ನರ ಜೊತೆಗೆ ಈ ಸೀಮೆಯಲ್ಲಿ ಅಜರ್‌ಬೈಜಾನಿ ಮಾತಾಡುವ ಹಳ್ಳಿಗರು ಬಹಳ. ಉತ್ತರದ ಸ್ವಾನೆತಿಯ ಎತ್ತರದ ಕಣಿವೆಗಳಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಮನೆಮಠ ಕಳೆದುಕೊಂಡ ಕುಟುಂಬಗಳನ್ನೂ 1980ರ ದಶಕದ ಕೊನೆಗೆ ಇಲ್ಲಿಗೆ ತಂದು ನೆಲೆಗೊಳಿಸಿದರು.

ಇಂದಿನ ಊರಿನಿಂದ ಸ್ವಲ್ಪ ದೂರದಲ್ಲಿ ಹಳೆಯ ದ್ಮಾನಿಸಿಯ ಹಾಳೂರು ಇದೆ. ಮಶಾವೇರ, ಪಿನಜೌರಿ ಎಂಬ ಎರಡು ಹೊಳೆಗಳು ಕೂಡುವಲ್ಲಿ, ನೀರಿನಿಂದ ಸುಮಾರು 80 ಮೀಟರ್ ಎತ್ತರಕ್ಕೆ, ಮೂಗಿನಂತೆ ಚಾಚಿಕೊಂಡ ಗುಡ್ಡ ಅದು. ಗುಡ್ಡದ ಮೇಲೆ ಆರನೆಯ ಶತಮಾನದ ಸಿಯೋನಿ ಚರ್ಚು ಇನ್ನೂ ನಿಂತಿದೆ. ಮಧ್ಯಯುಗದಲ್ಲಿ ವ್ಯಾಪಾರದ ದಾರಿಗಳು ಇಲ್ಲಿ ಹಾದುಹೋಗುತ್ತಿದ್ದವು. ಕೋಟೆಯಿತ್ತು, ಅಂಗಡಿಬೀದಿಯಿತ್ತು, ಸ್ನಾನಗೃಹಗಳಿದ್ದವು. ಆಮೇಲೆ ದಾಳಿಗಳ ಮೇಲೆ ದಾಳಿ ನಡೆದು ಪಟ್ಟಣ ಹಾಳುಬಿತ್ತು.

1936ರಲ್ಲಿ ಇಲ್ಲಿ ಉತ್ಖನನ ಶುರುವಾದದ್ದು ಈ ಮಧ್ಯಯುಗದ ಪಟ್ಟಣಕ್ಕಾಗಿ. ನಾಣ್ಯ, ಮಡಕೆ, ಗಾಜಿನ ಚೂರು, ಗೋಡೆಯ ಅಡಿಪಾಯ, ಇಷ್ಟೇ ಅಗೆಯುವವರಿಗೆ ಬೇಕಾಗಿದ್ದದ್ದು. ಆ ಕಾಲದ ಮನೆಗಳಲ್ಲಿ ಕಾಳುಕಡಿ ತುಂಬಿಡಲು ನೆಲದೊಳಗೆ ಆಳವಾದ ಹಗೇವುಗಳನ್ನು ತೋಡುತ್ತಿದ್ದರು. 1983ರಲ್ಲಿ ಅಂಥ ಹಗೇವನ್ನು ಬಗೆದು ನೋಡುವಾಗ ಗೋಡೆಯ ಮಣ್ಣಿನಲ್ಲಿ ಪ್ರಾಣಿಯ ಮೂಳೆಗಳು ಕಂಡವು. ದನದ್ದೋ ಕುದುರೆಯದೋ ಎಂದು ಬದಿಗೆ ಎಸೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಪ್ರಾಚೀನ ಜೀವಿಗಳನ್ನು ಬಲ್ಲ ಅಬೆಸಲೋಮ್ ವೆಕುವ ಅವರಿಗೆ ತೋರಿಸಿದರು. ವೆಕುವ ಒಂದು ದವಡೆಹಲ್ಲನ್ನು ಗುರುತಿಸಿದರು: ಅದು ಘೇಂಡಾಮೃಗದ ಹಲ್ಲು, ಅದೂ ಲಕ್ಷಾಂತರ ವರ್ಷಗಳ ಹಿಂದೆಯೇ ವಂಶ ಅಳಿದುಹೋದ ಜಾತಿಯದ್ದು. ಮಧ್ಯಯುಗದ ಮನೆಯವರು ಕಾಳುಕಡಿ ಇಡಲು ತೋಡಿದ ಗುಂಡಿ ಅವರಿಗೇ ಗೊತ್ತಿಲ್ಲದೆ ಮತ್ತೊಂದು ಯುಗದೊಳಕ್ಕೆ ಇಳಿದಿತ್ತು.

ಮರುವರ್ಷ, 1984ರಲ್ಲಿ, ಅದೇ ಪದರಗಳಲ್ಲಿ ಕಲ್ಲಿನ ಹತಾರಗಳು ಸಿಕ್ಕವು. ಮೂಳೆಯ ಪಕ್ಕದಲ್ಲಿ ಹತಾರ ಇದೆ ಎಂದರೆ ಅದನ್ನು ಹಿಡಿದ ಕೈಯೂ ಇಲ್ಲೇ ಎಲ್ಲೋ ಇರಬೇಕು. ಏಳು ವರ್ಷ ಕಾದರು. 1991ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದವರೂ ಜರ್ಮನಿಯವರೂ ಕೂಡಿ ನಡೆಸಿದ ಅಗೆತದಲ್ಲಿ ಒಂದು ಕೆಳದವಡೆ ಸಿಕ್ಕಿತು. ಮನುಷ್ಯಜಾತಿಯ ದವಡೆ, ಹಲ್ಲಿನ ಸಾಲು ಪೂರ್ತಿಯಾಗಿತ್ತು.

ಕಾಲ ಎಂಥದ್ದು ನೋಡಿ. ಆ ವರ್ಷದ ಏಪ್ರಿಲ್‌ನಲ್ಲಷ್ಟೇ ಜಾರ್ಜಿಯಾ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡು ಸ್ವತಂತ್ರ ಎಂದು ಸಾರಿಕೊಂಡಿತ್ತು. ಡಿಸೆಂಬರಿನಲ್ಲಿ ತ್ಬಿಲಿಸಿಯ ಬೀದಿಗಳಲ್ಲೇ ಅಂತರ್ಯುದ್ಧ. ಮುಂದಿನ ಹಲವು ಚಳಿಗಾಲ ಕರೆಂಟಿಲ್ಲ, ಬಿಸಿಯಿಲ್ಲ. ಅದೇ ಡಿಸೆಂಬರಿನಲ್ಲಿ ಲಿಯೊ ಗಬುನಿಯ, ವೆಕುವ ಮತ್ತು ಇನ್ನೂ ಯುವಕರಾಗಿದ್ದ ದವಿತ್ ಲೋರ್ದ್ಕಿಪಾನಿಡ್ಜೆ ಅವರ ತಂಡ ಈ ದವಡೆಯ ಸುದ್ದಿಯನ್ನು ಜರ್ಮನಿಯ ಫ್ರಾಂಕ್‌ಫರ್ಟ್‌ನ ವಿದ್ವಾಂಸರ ಸಭೆಯ ಮುಂದಿಟ್ಟಿತು. ಬಹಳ ಮಂದಿ ನಂಬಲಿಲ್ಲ. ಇಷ್ಟು ಚೆನ್ನಾಗಿ ಉಳಿದ ದವಡೆ ಅಷ್ಟು ಹಳೆಯದಾಗಿರಲು ಸಾಧ್ಯವೇ ಎಂದರು. ಅನುಮಾನ ಪಡುವುದು ವಿಜ್ಞಾನದ ಧರ್ಮ, ಅದನ್ನು ತಪ್ಪೆನ್ನಲಾರೆ. ಆದರೆ ದೇಶವೇ ಹೊತ್ತಿ ಉರಿಯುತ್ತಿರುವಾಗ ಒಂದು ದವಡೆಮೂಳೆಯನ್ನು ಕಾಪಾಡಿಕೊಂಡು, ಅದನ್ನೇ ನೆಚ್ಚಿಕೊಂಡು ಮತ್ತೆ ಮತ್ತೆ ಅದೇ ಗುಡ್ಡಕ್ಕೆ ಹಿಂತಿರುಗಿದ ಆ ಜನರ ಬಗ್ಗೆ ನನಗೆ ಅಪಾರ ಗೌರವ.

ಅವರ ಪಟ್ಟಿಗೆ ಫಲ ಸಿಕ್ಕಿದ್ದು 1999ರಲ್ಲಿ. ಒಂದೇ ಹಂಗಾಮಿನಲ್ಲಿ ಎರಡು ತಲೆಬುರುಡೆಗಳು ಬಂದವು. 2001ರಲ್ಲಿ ಮತ್ತೊಂದು, 2002ರಲ್ಲಿ ಇನ್ನೊಂದು, 2005ರಲ್ಲಿ ಐದನೆಯದು. ಜಗತ್ತಿನಲ್ಲಿ ಇಷ್ಟು ಹಳೆಯ ಕಾಲದ ಐದು ಬುರುಡೆಗಳು ಒಂದೇ ತಾಣದಲ್ಲಿ, ಇಷ್ಟು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದ್ದು ಬೇರೆಲ್ಲೂ ಇಲ್ಲ.

ಎಷ್ಟು ಹಳೆಯವು? ಇದನ್ನು ತಿಳಿದುಕೊಂಡ ಬಗೆ ಸೊಗಸಾಗಿದೆ. ಒಮ್ಮೆ ಜ್ವಾಲಾಮುಖಿಯ ಲಾವಾರಸ ಮಶಾವೇರ ಕಣಿವೆಯುದ್ದಕ್ಕೂ ಹರಿದು ಹೊಳೆಗೆ ಅಡ್ಡಲಾಗಿ ಹೆಪ್ಪುಗಟ್ಟಿತು. ಆ ಕಪ್ಪುಬಂಡೆಯೊಳಗಿನ ಆರ್ಗಾನ್ ಅನಿಲವನ್ನು ಅಳೆದಾಗ ಅದರ ವಯಸ್ಸು 18.5 ಲಕ್ಷ ವರ್ಷ ಎಂದು ಗೊತ್ತಾಯಿತು. ಬಂಡೆಯ ಮೇಲೆ ಜ್ವಾಲಾಮುಖಿಯ ಬೂದಿ ಪದರಪದರವಾಗಿ ಕೂತಿದೆ. ನೆಲಕ್ಕೆ ಬಿದ್ದು ತಳವೂರುವಾಗ ಅದರಲ್ಲಿರುವ ಕಬ್ಬಿಣದ ಕಣಗಳು ಅಂದಿನ ಭೂಮಿಯ ಕಾಂತದ ದಿಕ್ಕಿಗೆ ತಿರುಗಿ ನಿಂತುಬಿಡುತ್ತವೆ. ಭೂಮಿಯ ಕಾಂತಕ್ಷೇತ್ರವೋ, ಆಗಾಗ ಉತ್ತರ ದಕ್ಷಿಣ ಅದಲುಬದಲಾಗುತ್ತದೆ. ಹಾಗೆ ಒಮ್ಮೆ ತಿರುವುಮುರುವಾದದ್ದು ಸುಮಾರು 17.8 ಲಕ್ಷ ವರ್ಷಗಳ ಹಿಂದೆ. ದ್ಮಾನಿಸಿಯ ಕೆಳಪದರದ ಕಣಗಳು ಇಂದಿನ ದಿಕ್ಕಿಗೇ ಇವೆ, ಮೇಲಿನ ಪದರದವು ತಿರುಗಿ ನಿಂತಿವೆ. ಮನುಷ್ಯರ ಮೂಳೆಗಳು ಸಿಕ್ಕಿದ್ದು ಆ ತಿರುವಿನ ಸ್ವಲ್ಪ ಮೇಲೆ. ಹಾಗಾಗಿ ಅವುಗಳ ವಯಸ್ಸು ಸುಮಾರು 17.7 ಲಕ್ಷ ವರ್ಷ. ಆಫ್ರಿಕಾದಿಂದ ಹೊರಗೆ ಸಿಕ್ಕಿರುವ ಮನುಷ್ಯಜಾತಿಯ ಮೂಳೆಗಳಲ್ಲಿ ಖಚಿತವಾಗಿ ಕಾಲ ತಿಳಿದ ಅತಿ ಹಳೆಯವು ಇವೇ. ಇವಕ್ಕಿಂತ ಹಳೆಯ ಕಲ್ಲಿನ ಹತಾರಗಳು ಚೀನಾದ ಶಾಂಗ್‌ಚೆನ್‌ನಲ್ಲಿ ಸಿಕ್ಕಿವೆ, 21 ಲಕ್ಷ ವರ್ಷದವು. ಆದರೆ ಅಲ್ಲಿ ಹತಾರ ಹಿಡಿದವರ ಮೂಳೆ ಸಿಕ್ಕಿಲ್ಲ.

ಆ ಕಾಲದ ದ್ಮಾನಿಸಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಹುಲ್ಲುಬಯಲು, ನಡುನಡುವೆ ಮರಗಳ ತೋಪು, ಕೆಳಗೆ ನೀರು. ಜಿಂಕೆ, ಕುದುರೆ, ಘೇಂಡಾಮೃಗ, ಕುಳ್ಳಗತ್ತಿನ ಜಿರಾಫೆ, ದೈತ್ಯಗಾತ್ರದ ಉಷ್ಟ್ರಪಕ್ಷಿ. ಅವುಗಳ ಬೆನ್ನಿಗೇ ಕತ್ತಿಹಲ್ಲಿನ ಹುಲಿಗಳು, ತೋಳ, ಕರಡಿ, ಇಂದಿನವಕ್ಕಿಂತ ಬಹಳ ದೊಡ್ಡದಾದ ಕತ್ತೆಕಿರುಬ. ಬೂದಿಮಣ್ಣನ್ನು ಮಳೆನೀರು ಕೊರೆದು ಕೊರಕಲು, ಪೊಟರೆ ಮಾಡುತ್ತಿತ್ತು. ಸತ್ತ ಪ್ರಾಣಿಗಳ ಮೂಳೆ, ಮನುಷ್ಯರ ಮೂಳೆ ಎಲ್ಲ ಅದರೊಳಗೆ ಸೇರಿದವು. ಕೆಲವನ್ನು ನೀರು ತಂದಿತು, ಕೆಲವನ್ನು ಬೇಟೆಪ್ರಾಣಿಗಳು ಎಳೆದು ತಂದವು. ಬೇಗನೆ ಮಣ್ಣು ಮುಚ್ಚಿತು, ಮೇಲೆ ಸುಣ್ಣದ ಪದರ ಗಟ್ಟಿಯಾಗಿ ಕೂತಿತು. ಅಷ್ಟೊಂದು ಅಚ್ಚುಕಟ್ಟಾಗಿ ಮೂಳೆಗಳು ಉಳಿದುಬಂದದ್ದು ಹೀಗೆ.

ಇಂಥ ಕಡೆ ಬದುಕಿದವರು ಎಂಥವರು? 1990ರ ದಶಕದವರೆಗೆ ಪಠ್ಯಪುಸ್ತಕಗಳು ಒಂದು ಕಥೆ ಹೇಳುತ್ತಿದ್ದವು. ಮನುಷ್ಯಜಾತಿ ಆಫ್ರಿಕಾದಲ್ಲಿ ಹುಟ್ಟಿತು. ಮೈ ಎತ್ತರವಾಯಿತು, ಮೆದುಳು ದೊಡ್ಡದಾಯಿತು, ಎರಡೂ ಕಡೆ ಕೆತ್ತಿದ ಅಂದವಾದ ಕೈಗೊಡಲಿ ಮಾಡುವ ಜಾಣ್ಮೆ ಬಂತು. ಅಷ್ಟೆಲ್ಲ ಸಜ್ಜಾದ ಮೇಲೆ ಆಫ್ರಿಕಾ ದಾಟಿ ಹೊರಟಿತು. ಕೇಳಲು ಎಷ್ಟು ಹಿತ! ನಾವು ಗೆದ್ದದ್ದು ನಮ್ಮ ಬುದ್ಧಿಯಿಂದ ಎಂದು ನಂಬಲು ಯಾರಿಗೆ ಇಷ್ಟವಿಲ್ಲ?

ದ್ಮಾನಿಸಿಯ ಜನ ಈ ಕಥೆಯನ್ನು ಬುಡಮೇಲು ಮಾಡಿದರು. ಅವರ ಎತ್ತರ ನಾಲ್ಕೂಮುಕ್ಕಾಲು ಅಡಿಯಿಂದ ಐದೂವರೆ ಅಡಿಯೊಳಗೆ. ತೂಕ 40ರಿಂದ 50 ಕಿಲೋ. ಐದನೆಯ ಬುರುಡೆಯೊಳಗಿನ ಮೆದುಳಿನ ಗಾತ್ರ 546 ಘನ ಸೆಂಟಿಮೀಟರ್. ನಮ್ಮ ಅಂಗಡಿಯ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಒಂದಿಷ್ಟೇ ಹೆಚ್ಚು. ಇಂದಿನ ಮನುಷ್ಯರ ಮೆದುಳು ಸರಾಸರಿ 1,350ರ ಆಸುಪಾಸು. ಉಳಿದ ನಾಲ್ಕು ಬುರುಡೆಗಳೂ ಅದರ ಅರ್ಧದ ಹತ್ತಿರಹತ್ತಿರವೇ ಇವೆ. ಭುಜ, ತೋಳುಗಳಲ್ಲಿ ಇನ್ನೂ ಹಳೆಯ ವಾನರ ಲಕ್ಷಣಗಳು ಉಳಿದಿದ್ದವು. ಕಾಲು ಮಾತ್ರ ಹೆಚ್ಚುಕಡಿಮೆ ನಮ್ಮದೇ: ದೂರ ನಡೆಯಬಲ್ಲ, ಓಡಬಲ್ಲ ಕಾಲು.

ಹತಾರವೂ ಅಷ್ಟೇ. ಹೊಳೆಯಿಂದ ಗುಂಡುಕಲ್ಲು ಎತ್ತಿ ತರುವುದು. ಇನ್ನೊಂದು ಕಲ್ಲಿನಿಂದ ಅಂಚಿಗೆ ಓರೆಯಾಗಿ ಹೊಡೆಯುವುದು. ಚಕ್ಕೆ ಹಾರುತ್ತದೆ, ಅದರ ಅಂಚು ಬ್ಲೇಡಿನಂತೆ ಹರಿತ. ಚರ್ಮ ಸುಲಿಯಲು, ಮಾಂಸ ಕೊಯ್ಯಲು ಅಷ್ಟು ಸಾಕು. ಪ್ರಾಣಿಗಳ ಮೂಳೆಗಳ ಮೇಲೆ ಅಂಥ ಚಕ್ಕೆಗಳಿಂದ ಕೊಯ್ದ ಗೆರೆಗಳು ಕಂಡಿವೆ. ಕೈಗೊಡಲಿ ಒಂದೂ ಇಲ್ಲ. ಆಫ್ರಿಕಾದಲ್ಲಿ ಅದಕ್ಕೂ ಎಂಟು ಲಕ್ಷ ವರ್ಷ ಮೊದಲು ಮಾಡುತ್ತಿದ್ದಂಥ ಸರಳ ಕಲ್ಲುಗಳನ್ನೇ ಇಟ್ಟುಕೊಂಡು ಇವರು ಇಷ್ಟು ಉತ್ತರಕ್ಕೆ ಬಂದಿದ್ದರು. ಚಳಿಗಾಲದಲ್ಲಿ ಹಣ್ಣು ಸೊಪ್ಪು ಸಿಗದ ಸೀಮೆ. ಬೆಂಕಿ ಬಳಸಿದ ಗುರುತು ಇಲ್ಲಿ ಸಿಕ್ಕಿಲ್ಲ. ಒಂದು ಕೊರಕಲಿನ ಹತ್ತಿರ ಒಡೆಯದ, ಚಕ್ಕೆ ಎಬ್ಬಿಸದ ಗುಂಡುಕಲ್ಲುಗಳು ಬಹಳಷ್ಟು ಸಿಕ್ಕಿವೆ. ಹೊಳೆಯಿಂದ ಹೊತ್ತು ತಂದವು. ಕಿರುಬ, ಹುಲಿಗಳ ಮೇಲೆ ಎಸೆದು ಅವುಗಳ ಬಾಯಿಂದ ಬೇಟೆ ಕಸಿದುಕೊಳ್ಳಲು ಇವು ಬೇಕಾಗಿದ್ದವು ಎಂಬುದು ಅಗೆದವರ ಊಹೆ. ಊಹೆಯೇ ಆದರೂ ನನಗೆ ಒಪ್ಪಿತವಾಗುತ್ತದೆ. ಒಬ್ಬಂಟಿಯಾಗಿ ಕಲ್ಲೆಸೆದು ಕತ್ತಿಹಲ್ಲಿನ ಹುಲಿಯನ್ನು ಓಡಿಸಲಾಗದು. ಗುಂಪು ಬೇಕು, ಎಲ್ಲರೂ ಒಟ್ಟಿಗೆ ಎಸೆಯಬೇಕು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ.

2002ರಲ್ಲಿ ಸಿಕ್ಕ ನಾಲ್ಕನೆಯ ಬುರುಡೆ, ಮರುವರ್ಷ ಸಿಕ್ಕ ಅದರದೇ ಕೆಳದವಡೆ, ಇವೆರಡನ್ನು ಜೋಡಿಸಿ ಹಿಡಿದರೆ ಎದ್ದು ಕಾಣುವುದು ಬೊಚ್ಚುಬಾಯಿ. ಮೇಲ್ದವಡೆಯಲ್ಲಿ ಒಂದು ಹಲ್ಲೂ ಇಲ್ಲ. ಕೆಳದವಡೆಯಲ್ಲಿ ಸಾಯುವ ಹೊತ್ತಿಗೆ ಉಳಿದಿದ್ದದ್ದು ಎಡಗಡೆಯ ಒಂದೇ ಕೋರೆಹಲ್ಲು. ಸತ್ತಮೇಲೆ ಮಣ್ಣಿನಲ್ಲಿ ಹಲ್ಲು ಉದುರಿದ್ದರೆ ಹಲ್ಲು ಕೂತಿದ್ದ ಗುಳಿಗಳು ತೆರೆದುಕೊಂಡೇ ಇರುತ್ತವೆ. ಇಲ್ಲಿ ಹಾಗಿಲ್ಲ. ಗುಳಿಗಳೆಲ್ಲ ಮೂಳೆ ತುಂಬಿ ಮುಚ್ಚಿಹೋಗಿವೆ. ದವಡೆಯ ಅಂಚು ಸವೆದು, ಕುಗ್ಗಿ, ನುಣುಪಾಗಿದೆ. ನಮ್ಮ ಮನೆಗಳಲ್ಲಿ ಹಲ್ಲಿಲ್ಲದ ಅಜ್ಜಿಯರ ಗಲ್ಲ ಒಳಕ್ಕೆ ಹೋಗುತ್ತದಲ್ಲ, ಅದರ ಒಳಗಿನ ಕಾರಣ ಇದೇ. ಮೂಳೆ ಹೀಗೆ ಕರಗಿ ಮುಚ್ಚಿಕೊಳ್ಳಬೇಕಾದರೆ ಹಲ್ಲು ಬಿದ್ದಮೇಲೂ ಆ ಜೀವ ವರ್ಷಗಟ್ಟಲೆ ಬದುಕಿರಬೇಕು.

ಹೇಗೆ ಬದುಕಿತು? ಮಿಕ್ಸಿಯಿಲ್ಲ, ಗಂಜಿಯಿಲ್ಲ, ಬೆಂಕಿಯೂ ಇಲ್ಲ. ಹಸಿಮಾಂಸ, ಗೆಡ್ಡೆ, ನಾರಿನ ಬೇರು, ಗಟ್ಟಿ ಕಾಯಿ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತೇವೆ. ಇಲ್ಲಿ ಕಡಲೆಯೂ ದುರ್ಲಭ, ಹಲ್ಲೂ ಇಲ್ಲ. ಲೋರ್ದ್ಕಿಪಾನಿಡ್ಜೆ ಮತ್ತು ಅವರ ಸಂಗಾತಿಗಳು 2005ರಲ್ಲಿ ಈ ಬುರುಡೆಯನ್ನು ಲೋಕಕ್ಕೆ ಪರಿಚಯಿಸಿದಾಗ ಒಂದು ಸಾಧ್ಯತೆ ಮುಂದಿಟ್ಟರು: ಜೊತೆಯವರು ಆ ಹಿರಿಜೀವಕ್ಕೆ ಊಟ ಒದಗಿಸಿರಬಹುದು. ಮೂಳೆ ಒಡೆದು ಒಳಗಿನ ಮಜ್ಜೆ ತೆಗೆದು ಕೊಟ್ಟಿರಬಹುದು, ಮಿದುಳಿನಂಥ ಮೆತ್ತನೆಯದನ್ನು ಮೀಸಲಿಟ್ಟಿರಬಹುದು, ಮಾಂಸವನ್ನು ಕಲ್ಲಿನಿಂದ ಜಜ್ಜಿ ಕೊಟ್ಟಿರಬಹುದು.

ಒಪ್ಪದವರಿದ್ದಾರೆ. ಕಾಡಿನ ಚಿಂಪಾಂಜಿಗಳಲ್ಲೂ ಬಹಳಷ್ಟು ಹಲ್ಲು ಕಳೆದುಕೊಂಡು ಬದುಕಿದವು ಉಂಟು ಎನ್ನುತ್ತಾರೆ. ಕೈಯಲ್ಲಿ ಕಲ್ಲಿದ್ದ ಮೇಲೆ ತಾನೇ ಜಜ್ಜಿಕೊಂಡು ತಿನ್ನಬಹುದಿತ್ತಲ್ಲ ಎನ್ನುತ್ತಾರೆ. ಒಂದು ಬುರುಡೆಯಿಂದ ಪ್ರೀತಿಯನ್ನು ಅಳೆಯಬೇಡಿ ಎಂಬ ಅವರ ಎಚ್ಚರಿಕೆಯಲ್ಲಿ ತೂಕವಿದೆ. ಆದರೂ ನನ್ನ ಮನಸ್ಸು ಹೀಗೆ ವಾದಿಸುತ್ತದೆ. ಚಿಂಪಾಂಜಿ ಇರುವುದು ವರ್ಷವಿಡೀ ಹಣ್ಣು ಸಿಗುವ ಉಷ್ಣವಲಯದ ಕಾಡಿನಲ್ಲಿ. ದ್ಮಾನಿಸಿಯಲ್ಲಿ ಚಳಿಗಾಲವಿತ್ತು, ಮಾಂಸವೇ ಆಧಾರವಾಗಿತ್ತು, ಆ ಮಾಂಸವನ್ನು ಕಿರುಬಗಳ ಬಾಯಿಂದ ಬಿಡಿಸಿಕೊಂಡು ಬರಬೇಕಾಗಿತ್ತು. ವಯಸ್ಸಾದ, ಹಲ್ಲಿಲ್ಲದ ಒಂದು ಜೀವ ಅಂಥ ಓಟ, ಅಂಥ ಕಾದಾಟದಲ್ಲಿ ಪಾಲ್ಗೊಂಡು ತನ್ನ ಪಾಲು ತಾನೇ ಗೆದ್ದುಕೊಂಡಿತು ಎಂದು ನಂಬುವುದು ಕಷ್ಟ. ಜಜ್ಜಿಕೊಂಡದ್ದು ತಾನೇ ಇರಲಿ. ಜಜ್ಜಲು ಬೇಕಾದ ಮಾಂಸವನ್ನು ಯಾರೋ ಮುಂದಿಟ್ಟರು. ವರ್ಷಗಟ್ಟಲೆ ಇಟ್ಟರು.

ಯಾಕೆ ಇಟ್ಟರು? ಆ ಜೀವಕ್ಕೆ ನೀರಿನ ದಾರಿ ಗೊತ್ತಿತ್ತೇ? ಬರಗಾಲದಲ್ಲಿ ಯಾವ ಗೆಡ್ಡೆ ಅಗೆಯಬೇಕೆಂದು ಗೊತ್ತಿತ್ತೇ? ಇಲ್ಲ, ಲಾಭದ ಲೆಕ್ಕವೇ ಇಲ್ಲದೆ, ತಮ್ಮವರು ಎಂಬ ಕಾರಣಕ್ಕಷ್ಟೇ ಇಟ್ಟರೇ? ಬುರುಡೆ ಇದನ್ನು ಹೇಳುವುದಿಲ್ಲ. ಆದರೆ ಅರ್ಧ ಲೀಟರಿನ ಮೆದುಳು, ಒರಟು ಚಕ್ಕೆಕಲ್ಲು, ಕುಳ್ಳ ಮೈ ಇಟ್ಟುಕೊಂಡು ಎರಡು ಖಂಡಗಳು ಕೂಡುವ ಈ ಬೆಟ್ಟಗಳವರೆಗೆ ಬಂದು ನೆಲೆಸಿದವರ ಬಲ ಯಾವುದು ಎಂದು ಯೋಚಿಸುವಾಗ ನನಗೆ ಕಾಣುವುದು ಅವರ ಗುಂಪುಬಾಳು. ಬುದ್ಧಿ ಆಮೇಲೆ ಬೆಳೆಯಿತು. ಮೆದುಳು ಇಂದಿನ ಗಾತ್ರಕ್ಕೆ ಬರಲು ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ವರ್ಷ ಬೇಕಾಯಿತು. ಹಂಚಿ ತಿನ್ನುವುದು ಅದಕ್ಕಿಂತ ಬಹಳ ಮೊದಲೇ ಬಂದಿತ್ತು ಎಂದು ನಾನು ನಂಬುತ್ತೇನೆ.

ಈ ಐದು ಬುರುಡೆಗಳು ವಿದ್ವಾಂಸರ ನಡುವೆ ದೊಡ್ಡ ಜಗಳವನ್ನೂ ಹಚ್ಚಿದವು. ಅವು ಒಂದರಂತೆ ಒಂದಿಲ್ಲ. ಒಂದರ ಮುಖ ಸಣ್ಣದು, ಇನ್ನೂ ಹರೆಯದ ಜೀವದ್ದು. ಐದನೆಯದರ ಮೆದುಳು ಎಲ್ಲಕ್ಕಿಂತ ಚಿಕ್ಕದು, ಮುಖ ಮಾತ್ರ ಉದ್ದ, ದವಡೆ ಭಾರಿ. 2002ರಲ್ಲಿ ಕೆಲವರು ಹೋಮೋ ಜಾರ್ಜಿಕಸ್ ಎಂಬ ಹೊಸ ಹೆಸರನ್ನೇ ಕೊಟ್ಟರು. 2013ರಲ್ಲಿ ಐದನೆಯ ಬುರುಡೆಯ ವಿವರ ಪ್ರಕಟವಾದಾಗ ಲೋರ್ದ್ಕಿಪಾನಿಡ್ಜೆಯವರ ತಂಡ ಹೇಳಿದ ಮಾತು ಇದು: ಇವೆಲ್ಲ ಒಂದೇ ಜನಾಂಗದವರು; ಇವರೊಳಗಿನ ವ್ಯತ್ಯಾಸ ಇಂದಿನ ಐದು ಮನುಷ್ಯರ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚಿಲ್ಲ. ಹಾಗಿದ್ದರೆ ಆಫ್ರಿಕಾದಲ್ಲಿ ಆ ಕಾಲದ ಬುರುಡೆಗಳಿಗೆ ಹೋಮೋ ಹ್ಯಾಬಿಲಿಸ್, ಹೋಮೋ ರುಡಾಲ್ಫೆನ್ಸಿಸ್ ಎಂದು ಬೇರೆ ಬೇರೆ ಹೆಸರಿಟ್ಟದ್ದೂ ಒಂದೇ ವಂಶದ ಕವಲುಗಳಿಗೆ ಇರಬಹುದಲ್ಲವೇ? ಒಪ್ಪದವರು ಗಟ್ಟಿಯಾಗಿಯೇ ಒಪ್ಪಲಿಲ್ಲ. ಈ ಜಗಳ ಇನ್ನೂ ತೀರಿಲ್ಲ. ಐದು ಬುರುಡೆಗಳು ಐದು ದೇಶಗಳಲ್ಲಿ ಸಿಕ್ಕಿದ್ದರೆ ಐದು ಹೆಸರು ಪಡೆಯುತ್ತಿದ್ದವು ಎಂಬ ಮಾತಿನಲ್ಲಿ ಮಾತ್ರ ಸತ್ಯವಿದೆ ಅನ್ನಿಸುತ್ತದೆ. ಪತ್ರಿಕೆಗಳು ಇವರನ್ನು ಮೊದಲ ಯುರೋಪಿಯನ್ನರು ಎಂದು ಕರೆಯುವುದು ನನಗೆ ಹಿಡಿಸದು. ಅವರಿಗೆ ಯುರೋಪು ಏನು, ಏಷ್ಯಾ ಏನು? ಊರಿನವರು ಇಟ್ಟುಕೊಂಡ ಹೆಸರುಗಳೇ ಚೆನ್ನ. ಫ್ರಾನ್ಸಿನ ಕಲಾವಿದೆ ಎಲಿಸಬೆತ್ ಡೇನೆಸ್ ಎರಡು ಬುರುಡೆಗಳ ಮೇಲೆ ಮುಖ ಮೂಡಿಸಿದಾಗ ಜಾರ್ಜಿಯನ್ನರು ಆ ಜೋಡಿಯನ್ನು ಜೆಜ್ವಾ, ಮ್ಜಿಯಾ ಎಂದು ತಮ್ಮ ಮನೆಯ ಹೆಸರಿನಿಂದಲೇ ಕರೆದರು.

ಹೊಸ ದಾರಿಗಳೂ ತೆರೆದಿವೆ. ಇಷ್ಟು ಹಳೆಯ ಮೂಳೆಯಲ್ಲಿ ಡಿಎನ್‌ಎ ಉಳಿಯುವುದಿಲ್ಲ. ಆದರೆ 2019ರಲ್ಲಿ ದ್ಮಾನಿಸಿಯ ಘೇಂಡಾಮೃಗದ ಹಲ್ಲಿನ ಕವಚದಿಂದ ಪ್ರೋಟೀನು ತೆಗೆದು, ಅದರ ವಂಶದ ಸ್ಥಾನವನ್ನು ಗೊತ್ತುಮಾಡಿದರು. ಮನುಷ್ಯರ ಹಲ್ಲಿನಲ್ಲೂ ಅದು ಉಳಿದಿದ್ದರೆ ಮೇಲಿನ ಜಗಳ ಒಂದು ದಿನ ತೀರಬಹುದು. 2022ರಲ್ಲಿ ದ್ಮಾನಿಸಿಯಿಂದ ಸುಮಾರು 20 ಕಿಲೋಮೀಟರ್ ದೂರದ ಒರೋಜ್ಮಾನಿ ಎಂಬ ಹಳ್ಳಿಯಲ್ಲಿ, ಅಗೆಯಲು ಬಂದ ವಿದ್ಯಾರ್ಥಿಯೊಬ್ಬರಿಗೆ ಸುಮಾರು 18 ಲಕ್ಷ ವರ್ಷ ಹಳೆಯ ಮನುಷ್ಯರ ಹಲ್ಲು ಸಿಕ್ಕಿತು. ಅಂದರೆ ಇವರು ಒಂದೇ ಗುಡ್ಡಕ್ಕೆ ಅಂಟಿಕೊಂಡಿರಲಿಲ್ಲ, ಸೀಮೆಯಲ್ಲೆಲ್ಲ ಓಡಾಡಿಕೊಂಡಿದ್ದರು.

ಕೊನೆಗೆ ನಮ್ಮ ಕಡೆಯ ಒಂದು ಮಾತು. ಈ ಹಳೆಯ ಮನುಷ್ಯಜಾತಿ ಕಾಕಸಸ್‌ನಿಂದ ಜಾವಾ ದ್ವೀಪದವರೆಗೆ ಹರಡಿರಬಹುದಾದ ದಾರಿಯಲ್ಲಿ ಭಾರತವಿದೆ. ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂನಲ್ಲಿ 15 ಲಕ್ಷ ವರ್ಷದ ಹತಾರಗಳಿವೆ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ, ಕೆ. ಪದ್ದಯ್ಯ ಅವರ ತಂಡ ಹಳೆ ಶಿಲಾಯುಗದವರು ಸುಣ್ಣಕಲ್ಲಿನ ಹಾಸು ಒಡೆದು ಹತಾರ ಮಾಡುತ್ತಿದ್ದ ಜಾಗವನ್ನೇ ಬಯಲಿಗೆ ತಂದಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷ ಎಂದು ಅಂದಾಜಾಗಿದೆ. ಹತಾರ ಮಾಡಿದವರ ಮೂಳೆ ಮಾತ್ರ ಅಲ್ಲಿ ಸಿಕ್ಕಿಲ್ಲ. 1982ರಲ್ಲಿ ನರ್ಮದೆಯ ದಂಡೆಯ ಹತ್ನೋರಾದಲ್ಲಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕ ಬುರುಡೆಯ ಮೇಲ್ಭಾಗ ದ್ಮಾನಿಸಿಗಿಂತ ಬಹಳ ಈಚಿನದು. ಹುಣಸಗಿ ಸೀಮೆಯಲ್ಲಿ ಕಾಲುವೆ ನೀರು ಬಂದಮೇಲೆ ಹೊಲಗಳನ್ನು ಸಮಮಾಡುತ್ತಿದ್ದಾರೆ, ಹಳೆಯ ಮಣ್ಣು ಮಗುಚಿಹೋಗುತ್ತಿದೆ. ನೀರಾವರಿ ಬೇಡ ಎನ್ನಲು ನಾನು ಯಾರು? ಈ ಮಾತು ಕೇಳುತ್ತಿರುವ ಆ ಕಡೆಯ ರೈತರಲ್ಲಿ ಇಷ್ಟೇ ಕೇಳಿಕೊಳ್ಳುತ್ತೇನೆ. ಬಾವಿ ತೋಡುವಾಗ, ಜೆಸಿಬಿ ಹಾಯಿಸುವಾಗ, ಕಲ್ಲಿನಂತೆ ಗಟ್ಟಿಯಾದ ಮೂಳೆಯೋ ಹಲ್ಲೋ ಕಂಡರೆ ಅದು ಸಿಕ್ಕ ಜಾಗವನ್ನು ಗುರುತಿಟ್ಟುಕೊಳ್ಳಿ. ಸುತ್ತಲಿನ ಮಣ್ಣನ್ನು ಕದಲಿಸದೆ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ಪುರಾತತ್ವ ಇಲಾಖೆಗೋ ಒಂದು ಮಾತು ತಿಳಿಸಿ.